ಬುದ್ಧಿ ನಿಧಾನವಾದವರಿಗೆ ಸಲ್ಲಬೇಕಾದದ್ದು ದಾಸೋಹವೋ, ಕಾಯಕವೋ?



ಕಳೆದ ಶ್ರಾವಣ ಮಾಸದಲ್ಲಿ ಅಕ್ಕಲಕೋಟೆ ಕಡೆಯ ಅಡತಿ ವ್ಯಾಪಾರಿಯೊಬ್ಬರು ಪೂಜ್ಯರ ದರ್ಶನಕ್ಕೆ ಬಂದಿದ್ದರು. ವಯಸ್ಸು ಎಪ್ಪತ್ತು ದಾಟಿದೆ. ಜೊತೆಯಲ್ಲಿ ಮೂವತ್ತೊಂದು ವರ್ಷದ ಮಗ. ಹುಟ್ಟಿದಾಗಿನಿಂದ ಬುದ್ಧಿಯ ಬೆಳವಣಿಗೆ ನಿಧಾನ, ಮಾತು ಕಡಿಮೆ, ಲೆಕ್ಕ ಬಾರದು. ಪಾದಪೂಜೆ ಮುಗಿದ ಮೇಲೆ ಆ ಹಿರಿಯರು ಕೈಮುಗಿದು ಹೇಳಿದರು: "ಅಪ್ಪಾರ, ನಮ್ಮ ಹಿಂದ ಇವನ್ನ ಯಾರು ನೋಡ್ತಾರ್ರಿ? ಎರಡು ಎಕರೆ ಹೊಲ ಮಠಕ್ಕ ಬರ್ದು ಕೊಡ್ತೀನಿ. ಇವನ್ನ ಇಲ್ಲೇ ಇಟ್ಕೊಳ್ರಿ. ಎರಡ್ಹೊತ್ತು ಪ್ರಸಾದ ಹಾಕ್ರಿ, ಸಾಕು."

ಪೂಜ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾವ್ಕಾರ್ರ, ಈ ಮಾತು ಅವನಿಗಿ ಕೇಳೀರೇನು?" ಎಂದರು.

ಹಿರಿಯರಿಗೆ ಪ್ರಶ್ನೆಯೇ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ, ಪಕ್ಕದಲ್ಲಿ ಪಾವತಿ ಪುಸ್ತಕ ಹಿಡಿದು ನಿಂತಿದ್ದ ನಮಗೂ ತಿಳಿಯಲಿಲ್ಲ. ಅವನಿಗೇನು ಕೇಳುವುದು ಎಂಬುದೇ ನಮ್ಮ ಮನಸ್ಸಿನಲ್ಲಿಯೂ ಇದ್ದ ಮಾತು. ಅಂದಿನಿಂದ ಈ ವಿಷಯ ನಮ್ಮನ್ನು ಬಿಟ್ಟಿಲ್ಲ. ಆದ್ದರಿಂದ ಅದನ್ನು ಭಕ್ತರ ಮುಂದೆ ಇಡುತ್ತಿದ್ದೇವೆ.

ಮೊದಲು ಶಬ್ದಗಳ ವಿಷಯ. ನಮ್ಮ ಊರುಗಳಲ್ಲಿ ಇಂಥವರನ್ನು ಮಳ್ಳ, ಹುಚ್ಚ, ಪೆದ್ದ ಎಂದು ಕರೆಯುವುದು ರೂಢಿ. ಹುಚ್ಚು ಬೇರೆ, ಇದು ಬೇರೆ. ಮನೋರೋಗ ಯಾವ ವಯಸ್ಸಿನಲ್ಲಾದರೂ ಬಂದೀತು, ಔಷಧದಿಂದ ಇಳಿದೀತು. ಇದು ರೋಗವಲ್ಲ. ಹುಟ್ಟಿನಿಂದಲೋ ಎಳವೆಯಿಂದಲೋ ಕಲಿಯುವ, ತಿಳಿಯುವ, ನಿತ್ಯದ ವ್ಯವಹಾರ ನಡೆಸುವ ಶಕ್ತಿ ನಿಧಾನವಾಗಿರುವುದು. ಹಿಂದೆ ಬುದ್ಧಿಮಾಂದ್ಯ ಎನ್ನುತ್ತಿದ್ದರು, ಈಗ ಬೌದ್ಧಿಕ ಅಸಾಮರ್ಥ್ಯ ಎನ್ನುತ್ತಾರೆ. ಉಳಿದೆಲ್ಲದರಲ್ಲಿ ಚುರುಕಾಗಿದ್ದು ಓದು ಬರಹದಲ್ಲಿ ಮಾತ್ರ ತೊಡಕುಪಡುವ ಮಕ್ಕಳ ವಿಷಯವೂ ಬೇರೆಯೇ. ಅನೇಕ ದೇಶಗಳ ಸಮೀಕ್ಷೆಗಳನ್ನು ಕೂಡಿಸಿ ನೋಡಿದವರು ಸಾವಿರ ಜನರಲ್ಲಿ ಸುಮಾರು ಹತ್ತು ಮಂದಿ ಹೀಗಿರುತ್ತಾರೆ ಎಂದು ಲೆಕ್ಕ ಹಾಕಿದ್ದಾರೆ. ಎಂದರೆ ಎರಡು ಸಾವಿರ ಜನರ ಊರಿನಲ್ಲಿ ಇಪ್ಪತ್ತು. ನಮ್ಮೂರಲ್ಲಿ ಅಷ್ಟು ಜನ ಕಾಣುವುದಿಲ್ಲವಲ್ಲ ಎನ್ನುವವರು, ಅವರನ್ನು ಯಾವ ಕೋಣೆಯಲ್ಲಿ ಕೂರಿಸಿದ್ದಾರೆ ಎಂದು ವಿಚಾರಿಸಬೇಕು.

ಕಾರಣಗಳು ಅನೇಕ. 21ನೆಯ ವರ್ಣತಂತು ಎರಡಕ್ಕೆ ಬದಲು ಮೂರು ಇರುವುದು ಒಂದು ಕಾರಣ. ಇದನ್ನು ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಸಂಗಡಿಗರು 1959ರಲ್ಲಿ ಪ್ರಕಟಿಸಿದರು. ಹೆರಿಗೆಯಲ್ಲಿ ಕೂಸಿಗೆ ಉಸಿರು ಕಟ್ಟುವುದು, ಥೈರಾಯ್ಡ್ ಕೊರತೆ, ಮೆದುಳು ಜ್ವರ, ಹತ್ತಿರದ ರಕ್ತಸಂಬಂಧದ ಮದುವೆಯಿಂದ ಹೆಚ್ಚುವ ಕೆಲವು ವಂಶದ ದೋಷಗಳು ಇನ್ನು ಕೆಲವು. ಎಷ್ಟೋ ಮಕ್ಕಳಲ್ಲಿ ಕಾರಣ ಸಿಗುವುದೇ ಇಲ್ಲ. ತಾಯಿಯ ಪಾಪ ಎಂಬುದು ಯಾವ ವೈದ್ಯರ ಪಟ್ಟಿಯಲ್ಲಿಯೂ ಇಲ್ಲ. ಇದೊಂದೇ ಕಾರಣಕ್ಕೆ ಸೊಸೆಯನ್ನು ತವರಿಗೆ ಅಟ್ಟಿದ ಮನೆಗಳು ನಮ್ಮ ಭಕ್ತರಲ್ಲಿಯೇ ಇವೆ. ಅವರು ಈ ಸಾಲನ್ನು ಇನ್ನೊಮ್ಮೆ ಓದಲಿ.

ಬೈಯುವವರ ವಿಷಯ ಬಿಡೋಣ, ಅದು ತಪ್ಪೆಂದು ಹೇಳಲು ಲೇಖನ ಬೇಕಿಲ್ಲ. ನಮಗೆ ಕಷ್ಟವೆನಿಸುವುದು ಪ್ರೀತಿಸುವವರ ವಿಷಯ. "ದೇವರ ಕೂಸು" ಎಂದು ಮೂವತ್ತು ವರ್ಷ ಕೈತುತ್ತು ಹಾಕಿದ ತಾಯಿ, ಗುಂಡಿ ಹಾಕಿಕೊಳ್ಳಲೂ ಬಿಡದ ಅಕ್ಕ, ಅಂಗಡಿಗೆ ಕರೆದೊಯ್ದರೆ ಜನ ನಕ್ಕಾರು ಎಂದು ಮನೆಯಲ್ಲೇ ಬಿಟ್ಟು ಬರುವ ತಂದೆ. ಇವರಿಗಿಂತ ಹೆಚ್ಚು ಸವೆದವರು ಯಾರು? ಆದರೂ ಕೇಳಬೇಕಾಗಿದೆ. ಒಬ್ಬನಿಗೆ ಜೀವಮಾನವಿಡೀ ಉಣ್ಣಿಸಿ, ಅವನಿಂದ ಏನನ್ನೂ ನಿರೀಕ್ಷಿಸದೆ, ಏನನ್ನೂ ಕಲಿಸದೆ, ಏನನ್ನೂ ಕೇಳದೆ ಇಡುವುದು ದಾಸೋಹವೇ? ಕಾಯಕ ಎಲ್ಲರಿಗೂ ಸಮ ಎನ್ನುವ ನಾವು ಇವರನ್ನು ಮಾತ್ರ ಅದರಿಂದ ಹೊರಗಿಟ್ಟದ್ದು ಯಾವ ನ್ಯಾಯದಿಂದ?

ಈ ಪ್ರಶ್ನೆಯನ್ನು ಬೇರೆ ದೇಶಗಳು ನಮಗಿಂತ ಮೊದಲು ಎದುರಿಸಿವೆ, ಸಾಕಷ್ಟು ತಪ್ಪು ಮಾಡಿಯೂ ಇವೆ. ಇಂಗ್ಲೆಂಡಿನಲ್ಲಿ ಇಂಥವರಿಗಾಗಿ ಊರಾಚೆ ದೊಡ್ಡ ದೊಡ್ಡ ಆಸ್ಪತ್ರೆಗಳಿದ್ದವು. ನೂರಾರು ಜನ, ಉದ್ದನೆಯ ಹಜಾರ, ಸಾಲು ಮಂಚ. ಒಳಗೆ ಹೋದವರಲ್ಲಿ ಅನೇಕರು ಸಾಯುವವರೆಗೆ ಅಲ್ಲಿಯೇ. ಅವರಿಗೆ ಏನೂ ಬಾರದು ಎಂಬುದು ಎಲ್ಲರ ನಂಬಿಕೆ. 1955ರಲ್ಲಿ ಕ್ಲಾರ್ಕ್ ಮತ್ತು ಹರ್ಮೆಲಿನ್ ಎಂಬ ಇಬ್ಬರು ಸಂಶೋಧಕರು ಅಂಥ ಆಸ್ಪತ್ರೆಯ ಕೆಲವರನ್ನು ಕೂರಿಸಿಕೊಂಡು ರಟ್ಟಿನ ಪೆಟ್ಟಿಗೆ ಮಡಿಸುವುದು, ಬಣ್ಣ ಬಣ್ಣದ ತಂತಿಗಳನ್ನು ಸರಿಯಾದ ಜಾಗಕ್ಕೆ ಬೆಸುಗೆ ಹಾಕುವುದು, ಸೈಕಲ್ ಪಂಪನ್ನು ಒಂಬತ್ತು ಹಂತಗಳಲ್ಲಿ ಜೋಡಿಸುವುದು, ಇಂಥ ಕೆಲಸಗಳನ್ನು ಕಲಿಸಿದರು. ಮೊದಲ ದಿನದ ಕೆಲಸ ತೀರ ಕಳಪೆ. ಕೊನೆಗೆ ಮುಟ್ಟಿದ ಮಟ್ಟವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಮೊದಲ ದಿನ ನೋಡಿ ಒಬ್ಬನ ಕೊನೆಯ ಮಟ್ಟವನ್ನು ನಿರ್ಣಯಿಸಬಾರದು ಎಂಬುದು ಅವರು ಕಂಡುಕೊಂಡ ಮಾತು. ಮೂರು ವರ್ಷಗಳ ನಂತರ, 1958ರಲ್ಲಿ, ಜ್ಯಾಕ್ ಟಿಜಾರ್ಡ್ ಎಂಬವರು ಲಂಡನ್ನಿನ ಆಸ್ಪತ್ರೆಯೊಂದರಿಂದ ಹದಿನಾರು ಮಕ್ಕಳನ್ನು ಬ್ರೂಕ್‌ಲ್ಯಾಂಡ್ಸ್ ಎಂಬ ಮನೆಗೆ ಕರೆತಂದು, ಮನೆಯ ಮಕ್ಕಳಂತೆ ಆಟ, ಪಾಠ, ಮಾತುಕತೆಯಲ್ಲಿ ಬೆಳೆಸಿದರು. ಎರಡು ವರ್ಷಗಳಲ್ಲಿ ಈ ಮಕ್ಕಳ ಮಾತು ಆಸ್ಪತ್ರೆಯಲ್ಲೇ ಉಳಿದ ಅಂಥವೇ ಮಕ್ಕಳ ಮಾತಿಗಿಂತ ಸ್ಪಷ್ಟವಾಗಿ ಮುಂದೆ ಹೋಗಿತ್ತು. ಮಕ್ಕಳು ಅವೇ, ಜಾಗ ಬದಲಾಯಿತು.

ಕಾರ್ಡಿಫ್ ನಗರದ ಈಲಿ ಆಸ್ಪತ್ರೆಯಲ್ಲಿ ನಡೆದ ಕ್ರೌರ್ಯದ ತನಿಖಾ ವರದಿ 1969ರಲ್ಲಿ ಹೊರಬಿದ್ದ ಮೇಲೆ, 1971ರಲ್ಲಿ ಅಲ್ಲಿನ ಸರಕಾರ ಇವರನ್ನು ಊರೊಳಗೆ ತಂದು ನೆರವು ಕೊಡುವ ನೀತಿಯನ್ನು ಘೋಷಿಸಿತು. ಆ ಆಸ್ಪತ್ರೆಗಳನ್ನು ಕಟ್ಟಿದವರೆಲ್ಲ ಕೆಟ್ಟವರಲ್ಲ. ಎಷ್ಟೋ ಜನ ಧರ್ಮಬುದ್ಧಿಯಿಂದಲೇ ಕಟ್ಟಿದರು. ನಾಳೆ ನಮ್ಮ ಮಠದ ಹಿಂದೆಯೂ ದಾನಿಗಳ ಹೆಸರು ಕೆತ್ತಿಸಿ ಒಂದು ಸಾಲು ಕೋಣೆ ಕಟ್ಟಬಹುದು, ಪ್ರತಿ ಕೋಣೆಗೆ ಒಬ್ಬನನ್ನು ಬಿಟ್ಟು ಹೋಗಬಹುದು. ಹತ್ತು ವರ್ಷದಲ್ಲಿ ಅದು ಏನಾಗುತ್ತದೆ ಎಂಬುದಕ್ಕೆ ಈ ಕಥೆ ಸಾಕು.

ಇಷ್ಟು ದೂರದ ಮಾತು ಹೇಳಿ ನಮ್ಮ ಅಂಗಳದ್ದನ್ನು ಮುಚ್ಚಿಟ್ಟರೆ ತಪ್ಪಾದೀತು. ಶ್ರೀಮಠದ ದಾಸೋಹ ಮನೆಯಲ್ಲಿ ಒಬ್ಬಾತನಿದ್ದಾನೆ. ಹುಡುಗನಾಗಿದ್ದಾಗ ಅಜ್ಜಿಯ ಜೊತೆ ಜಾತ್ರೆಗೆ ಬಂದು ಉಳಿದವನು. ಅಜ್ಜಿ ತೀರಿಕೊಂಡ ಮೇಲೆ ಮಠವೇ ಮನೆ. ಈಗ ನಲವತ್ತರ ಹತ್ತಿರ. ವರ್ಷಾನುಗಟ್ಟಲೆ ಕಂಬಕ್ಕೆ ಒರಗಿ ಕೂತಿರುತ್ತಿದ್ದ, ಗಂಟೆಯಾದರೆ ಸಾಲಿಗೆ ಬರುತ್ತಿದ್ದ. ನಾವು ಅದಕ್ಕೆ ಕರುಣೆ ಎಂದು ಹೆಸರಿಟ್ಟಿದ್ದೆವು. ದಾಸೋಹದ ದಿನವಹಿಯಲ್ಲಿ ಅವನ ಲೆಕ್ಕ "ಇತರೆ 1" ಎಂದು ಬರುತ್ತಿತ್ತು. ಬರೆದ ಕೈ ನಮ್ಮದೇ.

ಸೊಲ್ಲಾಪುರ ಕಡೆಯ ವಿಶೇಷ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅಕ್ಕ ಒಬ್ಬರು ಸೇವೆಗೆಂದು ಬರತೊಡಗಿದರು. ಬಂದ ದಿನವೇ ಅವನ ಹೆಸರೇನು ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ಅವರು ಅವನನ್ನೇ ಕೇಳಿದರು, ಹೇಳಿದ. ಅವನ ಹೆಸರನ್ನು ಇಲ್ಲಿ ಬರೆಯಲೇ ಎಂದು ನಾವೂ ಕೇಳಿದೆವು. ಬ್ಯಾಡ ಎಂದ, ಆದ್ದರಿಂದ ಬರೆದಿಲ್ಲ.

ಅಕ್ಕನವರು ಅವನಿಗೆ ಪತ್ರಾವಳಿ ಎಣಿಸಿ ಕಟ್ಟುವುದನ್ನು ಕಲಿಸಲು ಹೊರಟಾಗ ನಾವು ನಕ್ಕಿದ್ದೆವು. ಐದರ ಆಚೆ ಎಣಿಕೆ ಬಾರದವನು ಇಪ್ಪತ್ತೈದರ ಕಟ್ಟು ಹೇಗೆ ಮಾಡಿಯಾನು? ಅವರು ಎರಡು ಬಟ್ಟಲು ತಂದರು, ಒಂದರಲ್ಲಿ ಇಪ್ಪತ್ತೈದು ಹುಣಸೆ ಬೀಜ. ಒಂದು ಎಲೆ ಇಟ್ಟರೆ ಒಂದು ಬೀಜ ಆ ಬಟ್ಟಲಿಗೆ. ಬೀಜ ತೀರಿದರೆ ಕಟ್ಟು ಮುಗಿಯಿತು. ಕಲಿಸಿದ ರೀತಿಯೂ ತಲೆಕೆಳಗು. ಎಲ್ಲವನ್ನೂ ತಾವೇ ಮಾಡಿ ಕೊನೆಯ ಗಂಟು ಮಾತ್ರ ಅವನಿಂದ ಹಾಕಿಸುವರು. ಗಂಟು ಬಂದ ಮೇಲೆ ದಾರ ಸುತ್ತುವುದು, ಅದು ಬಂದ ಮೇಲೆ ಕೊನೆಯ ಎಲೆ. ಹಿಂದಿನಿಂದ ಮುಂದಕ್ಕೆ. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದ ಸಂತೋಷ ಅವನದಾಗುತ್ತದೆ ಎನ್ನುತ್ತಿದ್ದರು. ಗಂಟೊಂದಕ್ಕೇ ಹತ್ತೊಂಬತ್ತು ದಿನ ಹಿಡಿಯಿತು. ನಾವಾಗಿದ್ದರೆ ನಾಲ್ಕನೆಯ ದಿನ ಕೈಬಿಡುತ್ತಿದ್ದೆವು. "ಅವನಿಗಿ ಬರಲ್ಲ ಅನ್ನಬ್ಯಾಡ್ರಿ, ನಮಗ ಇನ್ನಾ ಕಲಿಸ್ಲಾಕ ಬಂದಿಲ್ಲ ಅನ್ರಿ" ಎಂಬುದು ಅಕ್ಕನವರ ಮಾತು. ಅಮೆರಿಕದ ಮಾರ್ಕ್ ಗೋಲ್ಡ್ ಎಂಬವರು ಇದನ್ನೇ ಸಿದ್ಧಾಂತವಾಗಿ ಹೇಳಿದ್ದರೆಂದು ಆಮೇಲೆ ತಿಳಿಯಿತು. ಅವರು ಇಂಥ ಅರವತ್ತನಾಲ್ಕು ಜನರಿಗೆ ಹದಿನೈದು ಬಿಡಿಭಾಗಗಳ ಸೈಕಲ್ ಬ್ರೇಕು ಜೋಡಿಸುವುದನ್ನು ಕಲಿಸಿ 1972ರಲ್ಲಿ ಪ್ರಕಟಿಸಿದರು. ಕಲಿಯದಿದ್ದರೆ ಕಲಿಸುವವನು ಬೇರೆ ದಾರಿ ಹುಡುಕಬೇಕು, ಶಿಷ್ಯನ ಹಣೆಗೆ ಚೀಟಿ ಅಂಟಿಸಬಾರದು ಎಂಬುದು ಅವರ ವಾದ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಳ್ಳೆಯ ಕಥೆಯಾಗುತ್ತಿತ್ತು. ಆದರೆ ಆತ ಕಲಿತ ಮೇಲೆ ನಡೆದದ್ದು ನಮಗೆ ಹೆಮ್ಮೆ ತರುವಂಥದ್ದಲ್ಲ. ಕಟ್ಟುಗಳು ಬಹಳವಾದವು, ಸುತ್ತಲಿನ ಮದುವೆಗಳಿಗೆ ಮಾರತೊಡಗಿದೆವು. ಜಾತ್ರೆಯ ಕಾಲದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೂತು ಕಟ್ಟುತ್ತಿದ್ದ. ಮೂರು ವರ್ಷ ಹೀಗೆ ನಡೆಯಿತು. ಲೆಕ್ಕ ತಪಾಸಣೆಯ ಹೊತ್ತಿಗೆ ಜಮಾ ಕಡೆ "ಪತ್ರಾವಳಿ ಮಾರಾಟ" ಎಂಬ ಬಾಬು ಇತ್ತು, ಖರ್ಚಿನ ಕಡೆ ಅದರ ಕೂಲಿಯ ಬಾಬು ಇರಲಿಲ್ಲ. ವಾಣಿಜ್ಯ ಓದಿ ಇಷ್ಟು ವರ್ಷ ವಹಿ ಬರೆದ ನಮಗೆ ಅದು ಆವರೆಗೆ ಕಣ್ಣಿಗೆ ಬಿದ್ದಿರಲಿಲ್ಲ. ಕಾಯಕ ಎಂಬ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಂಡಿದ್ದೆವು. ಆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿಯೂ ಬಟ್ಟೆ ಒಗೆಯುವುದು, ತೋಟದ ಕೆಲಸ ಒಳಗಿದ್ದವರಿಂದಲೇ ಸಾಗುತ್ತಿತ್ತು.

ಸಮಿತಿಯ ಸಭೆಯಲ್ಲಿ ವಿಷಯ ಇಟ್ಟಾಗ ಹಿರಿಯ ಸದಸ್ಯರೊಬ್ಬರು, ಅವನಿಗೆ ಪ್ರಸಾದ ಇದೆ, ಬಟ್ಟೆ ಇದೆ, ದುಡ್ಡು ಯಾಕೆ ಎಂದರು. ಅಡಿಗೆಯವರೂ ಇಲ್ಲಿಯೇ ಉಣ್ಣುತ್ತಾರೆ, ಅವರಿಗೆ ಪಗಾರ ಕೊಡುತ್ತೇವಲ್ಲ ಎಂದೆವು. ದುಡ್ಡಿನ ಆಸೆ ಬಂದರೆ ಅದು ಕಾಯಕ ಹೇಗಾದೀತು ಎಂಬ ಮಾತೂ ಬಂತು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆಯನ್ನು ಆ ಸದಸ್ಯರೇ ಎತ್ತಿದರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನವರ ಕಾಯಕ, ಒಂದು ದಿನ ಹೆಚ್ಚು ತಂದಾಗ ಲಕ್ಕಮ್ಮ ತಾಯಿ ಮರಳಿ ಸುರಿದು ಬರಲು ಹೇಳಿದರು, ಎಲ್ಲರೂ ಬಲ್ಲ ಸಂಗತಿ. ಸರಿ. ಆದರೆ ಆ ಕಥೆಯಲ್ಲಿ ಅಕ್ಕಿ ಬಿಟ್ಟವರು ತಾವಾಗಿ ಬಿಟ್ಟರು, ಎಷ್ಟು ಬೇಕೆಂದು ತಾವೇ ನಿರ್ಣಯಿಸಿದರು. ಇನ್ನೊಬ್ಬರ ಪಾಲನ್ನು ನಾವು ಇಟ್ಟುಕೊಂಡು ಅವರಿಗೆ ವೈರಾಗ್ಯ ಬೋಧಿಸುವುದಕ್ಕೆ ಆ ಕಥೆಯಲ್ಲಿ ಆಧಾರವಿಲ್ಲ. ಮತ್ತೊಂದು ವಿಷಯವೂ ಅಲ್ಲಿದೆ. ಎಷ್ಟು ಆಯ್ದರು ಎಂಬುದರಿಂದ ಆ ಕಾಯಕಕ್ಕೆ ಬೆಲೆ ಬಂದಿಲ್ಲ, ಹೆಚ್ಚು ತಂದದ್ದೇ ತಪ್ಪಾಯಿತು. ದಿನಕ್ಕೆ ಹತ್ತು ಕಟ್ಟು ಕಟ್ಟುವವನಿಗೂ ನೂರು ಕಟ್ಟುವವನಿಗೂ ಅಲ್ಲಿ ಭೇದವಿಲ್ಲ.

ಮೂರು ವರ್ಷದ ಬಾಕಿ ಲೆಕ್ಕ ಹಾಕಿ ಅವನ ಹೆಸರಿಗೆ ಠೇವು ಇಟ್ಟೆವು, ತಿಂಗಳ ಕೂಲಿ ಕೈಗೆ ಕೊಡತೊಡಗಿದೆವು. ಆ ಸದಸ್ಯರು ಸಹಿ ಮಾಡಲಿಲ್ಲ, ಇಂದಿಗೂ ಮಾಡಿಲ್ಲ. ಮೊದಲ ಕೂಲಿಯಲ್ಲಿ ಆತ ಇಪ್ಪತ್ತು ರೂಪಾಯಿಯ ಪೀಪಿಗೆ ನೂರರ ನೋಟು ಕೊಟ್ಟು, ಚಿಲ್ಲರೆ ಕೇಳದೆ ಬಂದ. ನೋಡಿದಿರಾ ಎಂದರು ಕೆಲವರು. ನಾವು ನಮ್ಮ ಭಕ್ತರಲ್ಲಿ ಒಂದು ವರ್ಷ ಉಳ್ಳಾಗಡ್ಡಿಯಲ್ಲಿ, ಒಂದು ವರ್ಷ ದ್ರಾಕ್ಷಿಯಲ್ಲಿ ಕೈ ಸುಟ್ಟುಕೊಳ್ಳದವರು ಎಷ್ಟು ಜನ ಎಂದು ಎಣಿಸುತ್ತಿದ್ದೆವು. ಅವರ ಖಾತೆ ಪುಸ್ತಕವನ್ನು ಯಾರೂ ಕಸಿದುಕೊಂಡಿಲ್ಲ. ಅಮೆರಿಕದ ರಾಬರ್ಟ್ ಪರ್ಸ್ಕೆ 1972ರಲ್ಲೇ ಇದನ್ನು ಬರೆದಿದ್ದಾರೆ: ನಷ್ಟದ ಸಾಧ್ಯತೆಯನ್ನೆಲ್ಲ ತೆಗೆದುಹಾಕಿದರೆ ಮನುಷ್ಯನ ಘನತೆಯೂ ಅದರೊಂದಿಗೆ ಹೋಗುತ್ತದೆ ಎಂಬ ಅರ್ಥದಲ್ಲಿ. ಆದರೂ ಎಂಬತ್ತು ರೂಪಾಯಿಯ ನಷ್ಟ ಬೇರೆ, ಎರಡು ಎಕರೆಯ ನಷ್ಟ ಬೇರೆ. ಗೆರೆ ಎಲ್ಲಿ ಎಳೆಯಬೇಕು ಎಂಬುದು ಪ್ರತಿ ಮನೆಯಲ್ಲಿ ಬೇರೆಯೇ ಇರುತ್ತದೆ.

ಇನ್ನು ಕಠಿಣವಾದ ಪ್ರಶ್ನೆ ಉಳಿದಿದೆ. ಏನೂ ಮಾಡಲಾರದವರೂ ಇದ್ದಾರೆ. ಹಾಸಿಗೆಯಲ್ಲೇ ಇರುವ, ಮಾತಿಲ್ಲದ, ಗಂಟು ಹಾಕಲು ಕೈ ಏಳದ ಮಕ್ಕಳು. ಕಾಯಕವೇ ಮನುಷ್ಯನ ಅಳತೆ ಎಂದರೆ ಇವರು ಎಲ್ಲಿ ನಿಲ್ಲುತ್ತಾರೆ? ಕಾಯಕದ ಮಾತನ್ನು ಜೋರಾಗಿ ಆಡುವವರು, ನಾವೂ ಸೇರಿ, ಇಲ್ಲಿ ಎಚ್ಚರದಿಂದಿರಬೇಕು. ನಮ್ಮ ಸಂಪ್ರದಾಯದಲ್ಲಿ ಗರ್ಭಿಣಿಗೆ ಎಂಟನೆಯ ತಿಂಗಳಲ್ಲಿ ಗುರು ಬಂದು ಹೊಟ್ಟೆಯೊಳಗಿನ ಕೂಸಿನ ಹೆಸರಿನಲ್ಲಿ ಲಿಂಗ ಕೊಡುತ್ತಾನೆ. ಆ ಕೂಸು ಜಾಣನೋ ದಡ್ಡನೋ ಎಂದು ಅಂದು ಯಾರೂ ಕೇಳುವುದಿಲ್ಲ. ಸ್ಥಾನ ಮೊದಲು, ಕಾಯಕ ಆಮೇಲೆ. ಕಾಯಕ ಅವನ ಹಕ್ಕು, ಪ್ರವೇಶದ ಚೀಟಿಯಲ್ಲ. ಹೀಗಿರುವಾಗ ಹೆಣ್ಣು ನೋಡಲು ಬೀಗರು ಬಂದ ದಿನ ಅದೇ ಲಿಂಗ ಕಟ್ಟಿಕೊಂಡ ಮಗಳನ್ನು ಹಿತ್ತಲ ಕೋಣೆಗೆ ಹಾಕಿ ಅಗಳಿ ಇಡುವುದು, ಜಾತ್ರೆಯ ಪಂಕ್ತಿಯಿಂದ ಎಬ್ಬಿಸಿ ಹಿಂದೆ ಕಳಿಸುವುದು ಹೇಗೆ ಸರಿಯಾದೀತು?

ಗಡಿಯ ಭಕ್ತರಿಗೆ ಮಾತ್ರ ಬರುವ ತೊಂದರೆಯೊಂದಿದೆ. ಮನೆಯಲ್ಲಿ ಕನ್ನಡ, ಪ್ರಮಾಣಪತ್ರ ಕೊಡುವ ಕಡೆ ಮರಾಠಿ ಅಥವಾ ತೆಲುಗು. ಮನೆಮಾತು ಕನ್ನಡವಾದ ಮಗುವನ್ನು ಮರಾಠಿಯಲ್ಲಿ ಪರೀಕ್ಷಿಸಿದರೆ ಇರುವ ಬುದ್ಧಿಯೂ ಕಾಣುವುದಿಲ್ಲ. ಮಗು ಮನೆಯಲ್ಲಿ ಯಾವ ಮಾತು ಕೇಳಿ ಬೆಳೆದಿದೆ ಎಂದು ತಂದೆತಾಯಿ ಮೊದಲೇ ಹೇಳಿ, ಕನ್ನಡ ಬಲ್ಲವರೊಬ್ಬರನ್ನು ಜೊತೆಗೆ ಕೂರಿಸಲು ಕೇಳಬೇಕು. ಎರಡು ಭಾಷೆ ಇವನಿಗೆ ಭಾರ, ಕನ್ನಡ ಬಿಡಿ ಎಂಬ ಸಲಹೆ ಕೆಲವರಿಗೆ ಸಿಕ್ಕಿದೆ. ಕೆನಡಾ ದೇಶದ ಸಂಶೋಧಕರು 2005ರಲ್ಲಿ ಡೌನ್ ಲಕ್ಷಣವಿರುವ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿದಾಗ, ಎರಡು ಭಾಷೆಯ ಮನೆಯ ಮಕ್ಕಳು ಒಂದೇ ಭಾಷೆಯವರಿಗಿಂತ ಹಿಂದೆ ಬಿದ್ದಿರಲಿಲ್ಲ. ಅಜ್ಜಿಯ ಮಾತು ಬಿಡಿಸಿದರೆ ಮಗು ಕಳೆದುಕೊಳ್ಳುವುದು ಅಜ್ಜಿಯನ್ನು.

ನಮ್ಮ ಹಿಂದೆ ಯಾರು ಎಂಬ ಆ ಹಿರಿಯರ ಅಂಜಿಕೆಗೆ ಕಾನೂನಿನಲ್ಲಿ ಸ್ವಲ್ಪ ದಾರಿ ಇದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಂತೆ ಹದಿನೆಂಟು ದಾಟಿದವರಿಗೂ ಪಾಲಕರನ್ನು ನೇಮಿಸುವ ಸ್ಥಾನಿಕ ಸಮಿತಿ ಜಿಲ್ಲೆಯಲ್ಲಿರುತ್ತದೆ, ಕಲೆಕ್ಟರರ ಅಧ್ಯಕ್ಷತೆಯಲ್ಲಿ. ಪಾಲಕನಾದವನು ಆರು ತಿಂಗಳೊಳಗೆ ಆಸ್ತಿಯ ಯಾದಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ಈ ಕಲಮನ್ನು ಅಣ್ಣತಮ್ಮಂದಿರು ಗಮನಿಸಬೇಕು, ಪಾಲಕ ಎಂದರೆ ಮಾಲಿಕನಲ್ಲ. 2016ರ ಹಕ್ಕುಗಳ ಕಾಯಿದೆ ಇನ್ನೂ ಮುಂದೆ ಹೋಗಿ, ಇವರಿಗೂ ಇತರರಂತೆ ಆಸ್ತಿ ಹೊಂದುವ, ವಾರಸಾಗಿ ಪಡೆಯುವ ಹಕ್ಕಿದೆ ಎನ್ನುತ್ತದೆ. ಅದರಂತೆ ಸೀಮಿತ ಪಾಲಕತ್ವದಲ್ಲಿ ಅವರೂ ಪಾಲಕರೂ ಕೂಡಿಯೇ ನಿರ್ಣಯ ತೆಗೆದುಕೊಳ್ಳಬೇಕು. ಉತಾರೆಯಿಂದ ಹೆಸರು ಕಡಿಮೆ ಮಾಡಿಸಲು ಹೆಬ್ಬೆಟ್ಟು ಒತ್ತಿಸುವ ಕಾಲ ಮುಗಿಯಬೇಕು. ಮಹಾರಾಷ್ಟ್ರದ ಬಡ ಭಕ್ತರಿಗೆ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯ ಮಾಸಿಕ ನೆರವೂ ಉಂಟು. ತರಬೇತಿ, ಸಲಹೆಗೆ ಸಿಕಂದರಾಬಾದಿನಲ್ಲಿ 1984ರಲ್ಲಿ ಆರಂಭವಾದ ರಾಷ್ಟ್ರೀಯ ಸಂಸ್ಥೆ ಇದೆ. ಸೊಲ್ಲಾಪುರದಿಂದಲೂ ಆದೋನಿಯಿಂದಲೂ ರೈಲಿನ ದಾರಿ.

ಆ ಅಡತಿ ಸಾವುಕಾರರ ಮಗನ ವಿಷಯ. ಪೂಜ್ಯರು ಹೊಲ ಬೇಡವೆಂದರು, ಮಗನನ್ನು ಕೇಳುವ ಕೆಲಸವನ್ನು ಅಕ್ಕನವರಿಗೆ ಒಪ್ಪಿಸಿದರು. ಮೊದಲ ದಿನ ಮಠದಲ್ಲಿ ಇರುತ್ತೀಯಾ ಎಂದರೆ ಹೂಂ ಎಂದ. ಮನೆಗೆ ಹೋಗುತ್ತೀಯಾ ಎಂದರೂ ಹೂಂ. ನಾವು ನಿರಾಶರಾದೆವು. ಅಕ್ಕನವರಿಗೆ ಅದು ಹೊಸದಲ್ಲ. ಎಲ್ಲದಕ್ಕೂ ಹೂಂ ಎನ್ನುವುದನ್ನು ಇವರು ಜೀವಮಾನವಿಡೀ ಕಲಿತಿರುತ್ತಾರೆ. ಕ್ಯಾರಲ್ ಸಿಗೆಲ್‌ಮನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನೇ ತೋರಿಸಿ, ಹೌದು ಅಲ್ಲ ಎಂದು ಕೇಳುವ ಬದಲು ಇದೋ ಅದೋ ಎಂದು ಕೇಳಬೇಕು ಎಂದಿದ್ದರು. ಎರಡನೆಯ ಸಲ ಬಂದಾಗ ಅಕ್ಕನವರು ಒಂದು ಕಡೆ ಪತ್ರಾವಳಿ, ಒಂದು ಕಡೆ ತಂದೆಯ ಅಂಗಡಿಯಿಂದ ತರಿಸಿದ ದಬ್ಬಣ, ಸುತಳಿ ಇಟ್ಟರು. ಆತ ದಬ್ಬಣ ತೆಗೆದುಕೊಂಡ. ಜಾಗ ಬದಲಿಸಿ ಇಟ್ಟರು, ಆಗಲೂ ದಬ್ಬಣ. ಮೂರನೆಯ ಸಲ ಬಂದಾಗಲೂ ಅದೇ. ಹಿರಿಯರು ಆಗ ನೆನೆಸಿಕೊಂಡು ಹೇಳಿದರು: ಹದಿನೈದು ವರ್ಷದವನಿದ್ದಾಗ ಚೀಲದ ಬಾಯಿ ಹೊಲಿಯಲು ಹೋಗಿ ಕೈಗೆ ಚುಚ್ಚಿಕೊಂಡಿದ್ದನಂತೆ, ರಕ್ತ ನೋಡಿ ತಾಯಿ ಅತ್ತು, ಅಂದಿನಿಂದ ಅಂಗಡಿಗೆ ಬರುವುದನ್ನೇ ಬಿಡಿಸಿದ್ದರಂತೆ.

ಈಗ ವಾರಕ್ಕೆ ನಾಲ್ಕು ದಿನ ಅಂಗಡಿಗೆ ಹೋಗುತ್ತಾನೆ. ತಂಗಿಯ ಹೆಸರಿನಲ್ಲಿ ಪಾಲಕತ್ವದ ಅರ್ಜಿ ಕಲೆಕ್ಟರ್ ಕಛೇರಿಯಲ್ಲಿದೆ, ಇನ್ನೂ ಆದೇಶ ಬಂದಿಲ್ಲ. ಮೊದಲ ವಾರ ಅವನು ಹೊಲಿದ ನಾಲ್ಕು ಚೀಲ ಬಾಯಿ ಬಿಚ್ಚಿ ತೊಗರಿ ಚೆಲ್ಲಿತೆಂದು ತಂದೆ ಫೋನು ಮಾಡಿದ್ದರು. ಹಮಾಲರು ನಕ್ಕರಂತೆ. ಒಬ್ಬ ಹಮಾಲ ಮಾತ್ರ ಪಕ್ಕದಲ್ಲಿ ಕೂತು, ಎರಡು ಹೊಲಿಗೆಗೆ ಒಂದು ಗಂಟು ಹಾಕುವುದನ್ನು ತೋರಿಸುತ್ತಿದ್ದಾನೆ.

ಅಕ್ಕನವರು ಪ್ರತಿ ಅಮಾವಾಸ್ಯೆಯ ದಿನ ಮಧ್ಯಾಹ್ನದ ಪ್ರಸಾದದ ನಂತರ ಮಠದ ಕಛೇರಿಯಲ್ಲಿ ಇರುತ್ತಾರೆ. ವಿಚಾರಿಸಬೇಕೆನ್ನುವ ಭಕ್ತರು ಇದ್ದ ಕಾಗದಪತ್ರಗಳನ್ನು ತರಬೇಕು. ಮಗನನ್ನೋ ಮಗಳನ್ನೋ ಮನೆಯಲ್ಲಿ ಬಿಟ್ಟು ಬರಬಾರದು, ಕರೆದುಕೊಂಡೇ ಬರಬೇಕು.